ಮೌನ, ನಾಲ್ಕು ನಿಮಿಷ

ತಿರಾನದ ಆ ಕಚೇರಿಯಲ್ಲಿ ಏಡ್ಲಿರಾ ಎಂಬ ಹುಡುಗಿ
ಕಡತವನ್ನು ಎರಡೂ ಕೈಯಲ್ಲಿ ತಂದು ಇಳಿಸಿದಳು,
ಬಿಸಿ ಪಾತ್ರೆ ಇಳಿಸುವ ಹಾಗೆ.
ಇನ್ನೂರ ಹನ್ನೊಂದು ಹಾಳೆ.
ಅಪ್ಪ ಅಮ್ಮ ಬೇರೆ ಸಂಪುಟ, ಅದನ್ನು ಇನ್ನೂ ಕೇಳಿಲ್ಲ.
ಇದು ನಮ್ಮತ್ತೆ ದ್ರಾನೆಯದು. ಹೆಸರಿಲ್ಲ,
'ವಸ್ತು' ಅಂತ ಇದೆ.

ವಸ್ತು ಬೆಳಿಗ್ಗೆ ಐದಕ್ಕೆ ಕೆಮ್ಮಿತು.
ವಸ್ತು ಬ್ರೆಡ್ಡಿನ ಸಾಲಿನಲ್ಲಿ ಹನ್ನೆರಡನೆಯದು.
ವಸ್ತು ಈರುಳ್ಳಿ ಹೆಚ್ಚುತ್ತ ಅತ್ತಿತು
(ಕಾರಣ ಈರುಳ್ಳಿಯೇ? ಖಚಿತವಿಲ್ಲ).

ಶ್ಕೋದ್ರದ ನಮ್ಮ ಬೀದಿಯ ತುದಿಗೆ ಇಗರ್ಜಿಯೊಂದಿತ್ತು,
ನಾನು ಮಾತು ಕಲಿಯುವಷ್ಟರಲ್ಲಿ ಅದು ಜೋಳದ ಗೋದಾಮು.
ಚಾವಣಿಯಲ್ಲಿ, ತ್ರಿಕೋನದೊಳಗೆ, ಒಂದು ಕಣ್ಣು.
ಪ್ರತಿ ವಸಂತಕ್ಕೆ ಏಣಿ ಹಾಕಿ ಸುಣ್ಣ ಬಳಿಯುವರು;
ಚಳಿಗಾಲದ ತೇವಕ್ಕೆ ಮೊದಲು ರೆಪ್ಪೆ, ಆಮೇಲೆ ಪಾಪೆ
ಹಳದಿಯಾಗಿ ಮೇಲೆದ್ದು ಬರುವುದು.
ದೇವರ ಕಣ್ಣಿಗೆ ಸುಣ್ಣ, ಪಕ್ಷದ ಕಣ್ಣಿಗೆ ಬೆಣ್ಣೆ.
ನಮಗೆ ಬೆಣ್ಣೆ ತಿಂಗಳಿಗೊಮ್ಮೆ, ಚೀಟಿ ತೋರಿಸಿದರೆ.

ಸುಣ್ಣದೊಳಗಿಂದ ಅದಕ್ಕೆ ಕಾಣತ್ತಾ, ಎಂದು ಕೇಳಿದ್ದೆ.
"ಜೋಳ ಕದಿಯೋರೆಲ್ಲ ಕಾಣ್ತಾರೆ" ಅಂದಳು ಅತ್ತೆ.
"ಯಾರಿಗೂ ಹೇಳಲ್ಲ, ಅಷ್ಟೆ.
ನೋಡಿಯೂ ಸುಮ್ಮನಿರತ್ತಲ್ಲ, ಅದಕ್ಕೇ ಕಣೇ ಅದು ದೇವರು."

ಹಾಳೆ ಎಪ್ಪತ್ತೊಂಬತ್ತು. ನವೆಂಬರ್, ರಾತ್ರಿ ಒಂಬತ್ತೂ ನಲವತ್ತು:
"ವಸ್ತು ಮಕ್ಕಳಿಗೆ ಕಥೆ ಹೇಳುತ್ತಿದೆ.
ಒಬ್ಬ ಕುರುಡ ಗಿರಣಿಯವ. ಹೊತ್ತು ತಂದ ಚೀಲದ ಭಾರದಲ್ಲೇ
ಊರನ್ನು ಓದುತ್ತಿದ್ದ: ಯಾರ ಮನೆಗೆ ನೆಂಟರು,
ಯಾರ ಮನೆಯಲ್ಲಿ ಈ ವಾರ ಒಂದು ಬಾಯಿ ಕಡಿಮೆ.
ಒಂದು ರಾತ್ರಿ ಯಾರೋ ಖಾಲಿ ಚೀಲ ತಂದಿಟ್ಟು
ಬೀಸಿಕೊಡು ಅಂದರು."
ಅಂಚಿನಲ್ಲಿ ನೇರಳೆ ಪೆನ್ಸಿಲ್ಲು:
ಖಾಲಿ ಚೀಲದವನು ಯಾರು? ವಿಚಾರಿಸಿ.

ಮಾರನೆಯ ರಾತ್ರಿ ಅದೇ ಕಥೆ. ಅದರ ಮಾರನೆಯ ರಾತ್ರಿಯೂ.
ಚೀಲದ ತನಕ ಬಂದು ನಿಲ್ಲುವುದು.
ನಮಗೆ ನಿದ್ದೆ ಹತ್ತಿದ್ದಕ್ಕೆ ಎಂದೇ ಇಷ್ಟು ವರ್ಷ ನಂಬಿದ್ದೆ.

ಹಾಳೆ ಎಂಬತ್ತಾರು:
"ಮಕ್ಕಳು ಮಲಗಿವೆ (ಇಬ್ಬರ ಉಸಿರು). ವಸ್ತು ಮಾತು ನಿಲ್ಲಿಸಿಲ್ಲ.
ಗೋಡೆಯತ್ತ ತಿರುಗಿ (ಧ್ವನಿ ಹತ್ತಿರವಾಯಿತು) ಹೀಗೆಂದಿದೆ:
ಹೂಂ ಅನ್ನೋರಿಲ್ಲದೆ ಕಥೆ ಮುಂದೆ ಹೋಗಲ್ಲಪ್ಪ.
ಹೂಂ ಅನ್ನೋಕೂ ನಿನಗೆ ಮೇಲಿನವರ ಸಹಿ ಬೇಕೇನು?"

ಅದನ್ನೂ ಟೈಪು ಮಾಡಿದ್ದಾನೆ ಮಹರಾಯ, ಅಕ್ಷರ ತಪ್ಪದೆ,
ತನ್ನನ್ನೂ ಕಡತದೊಳಗೆ ಎಳೆದುಕೊಂಡು.

ನನಗೆ ಗೊತ್ತಿಲ್ಲದ ನನ್ನ ಮನೆ ಅವನಿಗೆ ಗೊತ್ತಿತ್ತು.
ಪಾಲಿನ್ ನನ್ನ ಪಾಲಿನ ಸಕ್ಕರೆ ನೆಕ್ಕಿದ್ದು.
ಅತ್ತೆ ನಿದ್ದೆಯಲ್ಲಿ ಯಾರನ್ನೋ ಹೆಸರು ಹಿಡಿದು ಕರೆದದ್ದು
(ಹೆಸರಿನ ಮೇಲೆ ಕಪ್ಪು ಮಸಿ; ಅವನು ಇನ್ನೂ ಬದುಕಿರಬೇಕು).
ಪ್ರತಿ ರಾತ್ರಿಯ ಕೊನೆಗೆ ಒಂದೇ ಸಾಲು:
ಮೌನ, ನಾಲ್ಕು ನಿಮಿಷ.
ಆಮೇಲೆ ದೀಪದ ಗುಂಡಿಯ ಸದ್ದು.

ಆ ನಾಲ್ಕು ನಿಮಿಷಕ್ಕೆ ನನಗೆ ಎಚ್ಚರವಾಗುತ್ತಿತ್ತು.
ಅತ್ತೆ ನನ್ನ ಅಂಗಿ ಸರಿಸಿ ಬೆನ್ನಿನ ಮೇಲೆ
ಉದ್ದ ಒಂದು, ಅಡ್ಡ ಒಂದು ಗೆರೆ ಎಳೆಯುವಳು.
ತಣ್ಣನೆಯ ಬೆರಳು, ತೊಳೆದರೂ ಹೋಗದ ಈರುಳ್ಳಿ.
ಆ ಎರಡು ಗೆರೆಗೆ ಆಗ ವರ್ಷಗಟ್ಟಲೆ ಸೆರೆ.
ಗೋಡೆಗೆ ಕಿವಿಯಿತ್ತು. ಬೆನ್ನಿರಲಿಲ್ಲ.

ನೋಡಿ, ಬರೆದುಬಿಟ್ಟೆ.
ಅವನಿಗೆ ಸಿಗದ ನಾಲ್ಕು ನಿಮಿಷವನ್ನು
ಬೆರಳು, ವಾಸನೆ ಸಮೇತ ಒಪ್ಪಿಸಿದವಳು ನಾನೇ.
ಗೆರೆಗಳಾದ ಮೇಲೆ ಬೆರಳು ಇನ್ನೂ ಏನೋ ಬರೆಯುತ್ತಿತ್ತು,
ನಿಧಾನ, ಕುತ್ತಿಗೆಯ ಹತ್ತಿರ, ಪ್ರತಿ ರಾತ್ರಿ ಅದನ್ನೇ.
ಅದು ಬೇಡ.

ಕಡತ ಮುಚ್ಚಿದೆ.
"ಎಲ್ಲ ಇತ್ತಾ ಅಮ್ಮಾ ಅದರಲ್ಲಿ?" ಎಂದಳು ಏಡ್ಲಿರಾ, ಎರಡೂ ಕೈ ಚಾಚಿ.
ಹೂಂ, ಅಂದೆ.